ಎಪ್‌ಕಾಟ್ ಮಾದರಿಯ ಔತಣ: 11 ದೇಶಗಳನ್ನೂ ಬಡಿಸಲೇಬೇಕಾ?

ಪ್ರಶ್ನೆ: ಫ್ಲಾರಿಡಾದಲ್ಲಿರುವ ಡಿಸ್ನಿಯ ಎಪ್‌ಕಾಟ್ ಥೀಮ್ ಪಾರ್ಕ್‌ನಲ್ಲಿರುವ ಹಾಗೆ ಬೇರೆ ಬೇರೆ ದೇಶಗಳ ತಿನಿಸು ಇಟ್ಟು, ಮನೆಯಲ್ಲೇ ಒಂದು ಸಂಜೆ ಔತಣ ಮಾಡುವ ಆಸೆ ಇದೆ. 10 ಜನ ಬರುತ್ತಾರೆ. ಅಡುಗೆಗೆ ನಾನೊಬ್ಬಳೇ. ಅಲ್ಲಿರುವ 11 ದೇಶಗಳನ್ನೂ ಸೇರಿಸಲೇಬೇಕಾ? ಎಲ್ಲಿಂದ ಶುರು ಮಾಡಲಿ?

ಐದು ದೇಶ ಸಾಕು. ಶುರು ಮಾಡುವುದು ಕೆನಡಾದಿಂದ.

ಕಾರಣ ಆ ಜಾಗದಲ್ಲೇ ಇದೆ. ಎಪ್‌ಕಾಟ್ ತೆರೆದದ್ದು 1982ರ ಅಕ್ಟೋಬರ್ 1ರಂದು. ಅದರ ವರ್ಲ್ಡ್ ಶೋಕೇಸ್ ಭಾಗದಲ್ಲಿ ನಡುವೆ ಒಂದು ದೊಡ್ಡ ಕೆರೆ, ಅದರ ಸುತ್ತ ದೇಶಗಳ ಪೆವಿಲಿಯನ್‌ಗಳು, ಅಂದರೆ ಒಂದೊಂದು ದೇಶದ ಮಾದರಿಯಲ್ಲಿ ಕಟ್ಟಿದ ಆವರಣಗಳು. ಮೊದಲು ಇದ್ದದ್ದು 9. ಮೊರಾಕೊ 1984ರಲ್ಲಿ, ನಾರ್ವೆ 1988ರಲ್ಲಿ ಸೇರಿದವು. ಒಂದು ಸುತ್ತು ಬರಲು ಹತ್ತಿರ ಹತ್ತಿರ 2 ಕಿಲೋಮೀಟರ್ ನಡೆಯಬೇಕು. 1996ರಿಂದ ಅಲ್ಲಿ ಆಹಾರ ಉತ್ಸವವೂ ನಡೆಯುತ್ತಿದೆ. ಆಗ ದಾರಿಯುದ್ದಕ್ಕೂ ಪುಟ್ಟ ಮಳಿಗೆಗಳು, ಪುಟ್ಟ ತಟ್ಟೆಗಳು. ನಾಲ್ಕು ತುತ್ತು ತಿಂದು, ನಾಲ್ಕು ಹೆಜ್ಜೆ ನಡೆದು, ಮುಂದಿನ ದೇಶದಲ್ಲಿ ಮತ್ತೆ ನಾಲ್ಕು ತುತ್ತು. ಅಲ್ಲಿನ ಖುಷಿ ಇರುವುದು ಈ ನಡಿಗೆಯಲ್ಲಿ. ಅದನ್ನು ಬಿಟ್ಟು 11 ಬಗೆಯನ್ನೂ ಒಂದೇ ಮೇಜಿನ ಮೇಲೆ ಸಾಲಾಗಿ ಇಟ್ಟರೆ ಅದು ಬರೀ ಬಫೆ ಆಗುತ್ತದೆ, ಅಲ್ವಾ?

ನಾನು ಮೊದಲ ಸಲ ಮಾಡಿದಾಗ ಎಂಟು ದೇಶ ಹಿಡಿದಿದ್ದೆ. ಎಲ್ಲವೂ ಬಿಸಿ ಅಡುಗೆಯೇ. ಸಂಜೆಯಿಡೀ ಒಲೆಯ ಮುಂದೆ ನಿಂತಿದ್ದೆ, ಬಂದವರ ಜೊತೆ ಮಾತೇ ಆಡಲಾಗಲಿಲ್ಲ. ನಾಲ್ಕನೇ ದೇಶಕ್ಕೇ ಎಲ್ಲರ ಹೊಟ್ಟೆ ತುಂಬಿತ್ತು. ಅದಕ್ಕೇ ಐದು ಅನ್ನುತ್ತಿದ್ದೇನೆ.

ಇನ್ನು ದಾರಿಯ ವಿಷಯ. ಪಾರ್ಕ್‌ನ ಮುಂಭಾಗದಿಂದ ಕೆರೆಯ ಹತ್ತಿರ ಬಂದು ನಿಂತರೆ ಎಡಕ್ಕೆ ಮೆಕ್ಸಿಕೊ, ಬಲಕ್ಕೆ ಕೆನಡಾ. ಎಡಕ್ಕೆ ಹೋದರೆ ಎರಡನೇ ದೇಶವೇ ನಾರ್ವೆ. ಅಲ್ಲಿನ ಹೆಸರಾದ ತಿನಿಸು ಸಿಹಿ ಬನ್. ಔತಣಕ್ಕೆ ಈ ಕ್ರಮ ಕೂಡಿಬರುವುದಿಲ್ಲ. ಬಲಕ್ಕೆ ತಿರುಗಿ ನೋಡಿ: ಕೆನಡಾದ ಸೂಪ್, ಆಮೇಲೆ ಮೊರಾಕೊ, ಜಪಾನ್, ಇಟಲಿ, ಕೊನೆಗೆ ನಾರ್ವೆಯ ಸಿಹಿ. ನಡುವಿನ ಕೆಲವು ದೇಶಗಳನ್ನು ದಾಟಿಕೊಂಡು ಹೋಗುತ್ತೇವೆ, ಆದರೆ ಕ್ರಮ ಪಾರ್ಕ್‌ನದ್ದೇ. ಊಟದ ಕ್ರಮವೂ ತಾನಾಗಿಯೇ ಕೂಡಿಬರುತ್ತದೆ.

ಕೆನಡಾ ಪೆವಿಲಿಯನ್‌ನ ಲೆ ಸೆಲಿಯೆ ರೆಸ್ಟೋರೆಂಟ್ ಚೆಡ್ಡಾರ್ ಚೀಸ್ ಸೂಪ್‌ಗೆ ಹೆಸರಾಗಿದೆ. ಅಲ್ಲಿ ಅದಕ್ಕೆ ಬೇಕನ್ (ಹಂದಿಮಾಂಸ) ಮತ್ತು ಬಿಯರ್ ಹಾಕುತ್ತಾರೆ. ಎರಡೂ ಬೇಡವಾದರೆ ತರಕಾರಿ ಬೇಯಿಸಿ ಸೋಸಿದ ನೀರು ಸಾಕು. 10 ಜನಕ್ಕೆ 1 ಲೀಟರಿನಷ್ಟು ಮಾಡಿ, ಒಬ್ಬೊಬ್ಬರಿಗೆ ಪುಟ್ಟ ಕಪ್‌ನಲ್ಲಿ 100 ಮಿಲಿ. 50 ಗ್ರಾಂ ಬೆಣ್ಣೆಯಲ್ಲಿ 50 ಗ್ರಾಂ ಮೈದಾ ಹುರಿದು, ಅರ್ಧ ಲೀಟರ್ ತರಕಾರಿ ನೀರು, ಅರ್ಧ ಲೀಟರ್ ಹಾಲು ಸೇರಿಸಿ ಕುದಿಸಿ. ಮುಖ್ಯವಾದ ಮಾತು ಇಲ್ಲಿದೆ. ಒಲೆಯಿಂದ ಇಳಿಸಿದ ಮೇಲೆಯೇ 250 ಗ್ರಾಂ ಚೆಡ್ಡಾರ್ ಹಾಕಿ. ಕುದಿಯುತ್ತಿರುವಾಗ ಹಾಕಿದರೆ ಚೀಸ್‌ನ ಪ್ರೋಟೀನ್ ಗಂಟುಕಟ್ಟಿ, ಎಣ್ಣೆ ಬೇರೆಯಾಗಿ, ಸೂಪ್ ಮರಳು ಮರಳಾಗುತ್ತದೆ. ಚೀಸನ್ನು ಮನೆಯಲ್ಲೇ ತುರಿಯಿರಿ. ತುರಿದು ಮಾರುವ ಚೀಸ್‌ಗೆ ಅಂಟಿಕೊಳ್ಳದಂತೆ ಪಿಷ್ಟ ಸವರಿರುತ್ತಾರೆ, ಅದು ನುಣ್ಣಗೆ ಕರಗುವುದಿಲ್ಲ.

ಮೊರಾಕೊ ಸುಲಭ. 300 ಗ್ರಾಂ ಕುಸ್‌ಕುಸ್‌ಗೆ (ಗೋಧಿ ರವೆಯ ಪುಟ್ಟ ಕಾಳು) ಅಳತೆಯಲ್ಲಿ ಅಷ್ಟೇ ಕುದಿವ ನೀರು ಸುರಿದು 5 ನಿಮಿಷ ಮುಚ್ಚಿಡಿ. ಬೇಯಿಸಿದ ಕಡಲೆ, ಒಣದ್ರಾಕ್ಷಿ, ನಿಂಬೆರಸ, ಪುದೀನ ಬೆರೆಸಿ. ಆರಿದರೂ ರುಚಿಯೇ. ಜೊತೆಗೆ ಗ್ರೀನ್ ಟೀ, ಪುದೀನ, ಸಕ್ಕರೆ ಸೇರಿಸಿದ ಚಹಾ ಕೊಡಿ. ಎತ್ತರದಿಂದ ಸುರಿದರೆ ಲೋಟದಲ್ಲಿ ನೊರೆ ಬರುತ್ತದೆ. ಆ ಪೆವಿಲಿಯನ್ ಕಟ್ಟುವಾಗ ದೊರೆ 2ನೇ ಹಸನ್ ತಮ್ಮ ದೇಶದ ಕುಶಲಕರ್ಮಿಗಳನ್ನೇ ಕಳಿಸಿಕೊಟ್ಟಿದ್ದರು. ಟೈಲ್ಸ್‌ನ ಆ ಕುಸುರಿ ಕೆಲಸವನ್ನು ಬಣ್ಣದ ಕಾಗದದಲ್ಲಿ ಅನುಕರಿಸಲು ಹೋಗಬೇಡಿ. ಚಹಾ ಸುರಿಯುವ ರೀತಿಯನ್ನು ಕಲಿತುಕೊಳ್ಳಿ. ಅತಿಥಿಗಳಿಗೆ ನೆನಪಿರುವುದು ಅದೇ.

ಜಪಾನಿಗೆ ಒನಿಗಿರಿ, ಅಂದರೆ ಅನ್ನದ ಉಂಡೆ. ಗಿಡ್ಡಕಾಳಿನ, ಅಂಟುವ ಅಕ್ಕಿಯೇ ಆಗಬೇಕು. 300 ಗ್ರಾಂ ಅಕ್ಕಿಗೆ 10 ಪುಟ್ಟ ಉಂಡೆ ಬರುತ್ತವೆ. ಕೈಗೆ ಉಪ್ಪುನೀರು ಸವರಿಕೊಂಡು ಕಟ್ಟಿ. ನೋರಿ, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆಯನ್ನು ತಿನ್ನುವ ಹೊತ್ತಿಗೆ ಸುತ್ತಿ, ಇಲ್ಲವಾದರೆ ಮೆತ್ತಗಾಗುತ್ತದೆ. ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಟ್ಟರೆ ಅನ್ನ ಗಟ್ಟಿಯಾಗುತ್ತದೆ. ಹಾಗಂತ ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬಾರದು. ಅನ್ನ ಬೇಗ ಕೆಡುವಂಥದ್ದು. ಜನ ಬರುವುದಕ್ಕೆ ಅರ್ಧ ಗಂಟೆ ಮುಂಚೆ ಕಟ್ಟಿದರೆ ಸರಿ.

ಇಟಲಿಗೆ ಪಿಜ್ಜಾ. ಇಟಲಿ ಪೆವಿಲಿಯನ್‌ನ ವಿಯಾ ನಾಪೊಲಿ ರೆಸ್ಟೋರೆಂಟ್‌ನಲ್ಲಿ ಕಟ್ಟಿಗೆ ಉರಿಸುವ ಮೂರು ಒಲೆಗಳಿವೆ. ಅವಕ್ಕೆ ಎಟ್ನಾ, ವೆಸುವಿಯೊ, ಸ್ಟ್ರೊಂಬೊಲಿ ಅಂತ ಜ್ವಾಲಾಮುಖಿಗಳ ಹೆಸರು! ಮನೆಯ ಓವನ್‌ನಲ್ಲಿ ಅಷ್ಟು ಕಾವು ಬರುವುದಿಲ್ಲ. ಖಾಲಿ ಟ್ರೇಯನ್ನು ಅರ್ಧ ಗಂಟೆ ಚೆನ್ನಾಗಿ ಕಾಯಿಸಿ, ಅದರ ಮೇಲೆ ಪಿಜ್ಜಾ ಜಾರಿಸಿ. ತಳ ಗರಿಯಾಗುತ್ತದೆ. ಎರಡು ಪಿಜ್ಜಾ ಸಾಕು. ಜನ ಬಂದ ಮೇಲೆ ಬೇಯಿಸುವುದು ಇದೊಂದೇ.

ನಾರ್ವೆಯ ಬನ್ ಹೆಸರು ಸ್ಕೂಲೆಬ್ರೋ, ಅಂದರೆ ಶಾಲೆಯ ಬ್ರೆಡ್. ಆ ಪೆವಿಲಿಯನ್‌ನ ಕ್ರಿಂಗ್ಲಾ ಬೇಕರಿಯಲ್ಲಿ ಸಿಗುತ್ತದೆ. ಏಲಕ್ಕಿ ಹಾಕಿದ ಹಿಟ್ಟು, ನಡುವೆ ಕಸ್ಟರ್ಡ್, ಮೇಲೆ ಸಕ್ಕರೆ ಪಾಕ ಮತ್ತು ಕೊಬ್ಬರಿ ತುರಿ. ಇಡೀ ಔತಣದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದು. ಹಿಟ್ಟನ್ನು ಹಿಂದಿನ ರಾತ್ರಿ ಕಲಸಿ ಫ್ರಿಜ್‌ನಲ್ಲಿಡಿ. ನಿಧಾನವಾಗಿ ಉಬ್ಬುವುದರಿಂದ ರುಚಿಯೂ ಏರುತ್ತದೆ. ಮಧ್ಯಾಹ್ನ ಬೇಯಿಸಿಕೊಳ್ಳಿ. ಅಂಗೈ ಅರ್ಧದಷ್ಟಿರಲಿ, ಅಷ್ಟು ಹೊತ್ತಿಗೆ ಯಾರಿಗೂ ಇಡೀ ಬನ್ ಹಿಡಿಸುವುದಿಲ್ಲ.

ಜೋಡಣೆಗೆ ದುಡ್ಡು ಬೇಡ. ಕೋಣೆಯ ನಡುವಿನ ಮೇಜಿನ ಮೇಲೆ ತಿನಿಸು ಇಡಬೇಡಿ. ಅಗಲ ಪಾತ್ರೆಯಲ್ಲಿ ನೀರು ತುಂಬಿ ಇಡಿ, ಅದೇ ಕೆರೆ. ಸುತ್ತ ಗೋಡೆಬದಿಗೆ ಐದು ಕಡೆ ಐದು ದೇಶ. ಕುರ್ಚಿಗಳನ್ನು ತೆಗೆದುಬಿಡಿ, ವಯಸ್ಸಾದವರಿಗೆ ಮಾತ್ರ ಎರಡು ಮೂರು ಇರಲಿ. ಮಡಚಿದ ಕಾಗದದಲ್ಲಿ ಪಾಸ್‌ಪೋರ್ಟ್ ಮಾಡಿ, ಪ್ರತಿ ದೇಶದಲ್ಲೂ ಒಂದು ಮುದ್ರೆ ಒತ್ತಿ. ಮಕ್ಕಳಿದ್ದರೆ ಮುದ್ರೆಯ ಕೆಲಸ ಅವರಿಗೇ ಕೊಡಿ. ಪ್ರತಿ ತಟ್ಟೆಯ ಮುಂದೆ ಹೆಸರಿನ ಜೊತೆ ಹಾಲು, ಗೋಧಿ, ಮೊಟ್ಟೆ ಇದೆಯೇ ಅಂತ ಬರೆಯುವುದನ್ನು ಮರೆಯಬೇಡಿ.

ಎಪ್‌ಕಾಟ್‌ನಲ್ಲಿ ದಿನದ ಕೊನೆಗೆ ಕೆರೆಯ ಮೇಲೆ ಪಟಾಕಿ ಬೆಳಕು ಇರುತ್ತದೆ. ನಿಮ್ಮಲ್ಲಿ ಐದನೇ ಮುದ್ರೆ ಬಿದ್ದ ಮೇಲೆ ದೊಡ್ಡ ದೀಪಗಳನ್ನು ಆರಿಸಿ. ಪಾತ್ರೆಯ ನೀರಲ್ಲಿ ತೇಲುವ ಹಣತೆಗಳನ್ನು ಹಚ್ಚಿ, ಎಲ್ಲರೂ ಸುತ್ತ ನಿಂತಾಗ ಆ ಏಲಕ್ಕಿ ಬನ್ ಕೈಗೆ ಕೊಡಿ.