ಬೂಟು ಎಣಿಸಿಟ್ಟವಳ ದಿನಚರಿ

ಹೆಂಗಸರ ಹಳೆಯ ದಿನಚರಿ ಸಿಕ್ಕರೆ ಜನ ಮೊದಲು ಹುಡುಕುವುದು ಪ್ರೇಮ, ಕಣ್ಣೀರು, ಮನೆಯ ಗುಟ್ಟು. 'ಎರಡು ಜೊತೆ ಬೂಟು ಒರೆಸಿದೆ' ಎಂದು ಬಂದರೆ ಪುಟ ಮಗುಚುತ್ತಾರೆ. ಹತ್ತೊಂಬತ್ತನೇ ಶತಮಾನದ ಮನೆವಾರ್ತೆ ಸಿಗುವುದು ಆ ಪುಟದಲ್ಲೇ!

ಇಂಗ್ಲೆಂಡಿನ ಹ್ಯಾನಾ ಕಲ್ವಿಕ್ (1833–1909) ಮನೆಗೆಲಸದವಳು. 1854ರಿಂದ ಸುಮಾರು ಎರಡು ದಶಕ ದಿನಚರಿ ಬರೆದಳು. 1860ರ ಜುಲೈ 14ರಂದು ಅಡುಗೆಮನೆಯ ಬೆಂಕಿ ಹೊತ್ತಿಸಿದ್ದು, ಮಸಿ ಚೆಲ್ಲಿದ್ದು, ಕೋಣೆ ಗುಡಿಸಿದ್ದು, ತಿಂಡಿ ಕೊಟ್ಟಿದ್ದು, ಎರಡು ಜೊತೆ ಬೂಟು, ಹಾಸಿಗೆ ಎಲ್ಲ ಸಾಲಾಗಿ ಬರುತ್ತವೆ.

ಇಂಥ ದಿನಚರಿಗಳ 'ಒಲೆ ಉಜ್ಜಿದೆ' ಎಂಬ ತುಂಡು ಸಾಲನ್ನು ಬಿಡಿಸಿ ನೋಡಬೇಕು. ಕಲ್ಲಿದ್ದಲ ಒಲೆಯ ಬೂದಿ ಗೋರಿ, ಜರಡಿ ಹಿಡಿದು, ಅರೆಬೆಂದ ತುಂಡುಗಳನ್ನು ಮತ್ತೆ ಉರಿಸಲು ಎತ್ತಿಡಬೇಕು. ಆಮೇಲೆ ಗ್ರಾಫೈಟ್ ಪುಡಿಯನ್ನು ನೀರಲ್ಲಿ ಕಲಸಿ ಒಂದು ಬ್ರಷ್ಷಿನಿಂದ ಸವರಿ, ಇನ್ನೊಂದರಿಂದ ಹೊಳಪು ಬರುವವರೆಗೆ ತಿಕ್ಕಬೇಕು. ಎಣ್ಣೆ ಸವರಿದರೆ ಬೆಂಕಿ ಹಚ್ಚಿದೊಡನೆ ಹೊಗೆಯೇಳುತ್ತದೆ. ಗ್ರಾಫೈಟ್ ಒಲೆಯ ಕಾವಿಗೆ ತಾಳುತ್ತದೆ. ಅದರ ಇಂಗಾಲದ ಪದರಗಳು ಇಸ್ಪೀಟಿನ ಎಲೆಗಳಂತೆ ಜಾರುತ್ತವೆ. ತಿಕ್ಕಿದಷ್ಟೂ ಚಪ್ಪಟೆಯಾಗಿ ಮಲಗಿ ಎರಕದ ಕಬ್ಬಿಣದ ಒರಟು ಮೈಯನ್ನು ಮುಚ್ಚುತ್ತವೆ, ತುಕ್ಕು ತಡವಾಗುತ್ತದೆ. ಕಬ್ಬಿಣ ಬಿಸಿಯಿದ್ದರೆ ತಿಕ್ಕುವ ಮೊದಲೇ ನೀರಾರಿ ಗೆರೆ ಬೀಳುತ್ತದೆ. ದಪ್ಪಗೆ ಬಳಿದರೆ ಪುಡಿ ಉದುರಿ ಕೈಬಟ್ಟೆಯೆಲ್ಲ ಕಪ್ಪು. ಹಾಗಾಗಿ ಒಲೆ ತಣ್ಣಗಿರುವ ಬೆಳಗಿನ ಜಾವವೇ ಇದಕ್ಕೆ ಸರಿ. ಆಳು ಯಜಮಾನರಿಗಿಂತ ಬಹಳ ಮುಂಚೆ ಏಳಬೇಕಾದ್ದಕ್ಕೆ ಇದೂ ಒಂದು ಕಾರಣ.

ಹಾಗೆಂದು ಹ್ಯಾನಾ ಬರೆದದ್ದನ್ನೆಲ್ಲ ತೂಕಕ್ಕೆ ಹಾಕದೆ ನಂಬುವಂತಿಲ್ಲ. ಬರೆಯಲು ಹೇಳಿದವನು, ಓದುತ್ತಿದ್ದವನು ಆರ್ಥರ್ ಮನ್ಬಿ. 1873ರಲ್ಲಿ ಅವಳನ್ನು ಗುಟ್ಟಾಗಿ ಮದುವೆಯಾದವನು. ದುಡಿಯುವ ಹೆಂಗಸರ ಕೊಳೆ, ಬೆವರಿನ ಬಗ್ಗೆ ಅವನಿಗೆ ವಿಪರೀತ ಕುತೂಹಲ. ಕೊಳೆಯ ಮಾತು ಅಲ್ಲಿ ಹೆಚ್ಚಿದ್ದರೆ ಅದಕ್ಕೆ ಓದುಗನೂ ಪಾಲುದಾರ. ಆದರೂ ಹ್ಯಾನಾಳ ಕೈಬರಹ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಉಳಿದಿದೆ. ವಿಕ್ಟೋರಿಯಾ ರಾಣಿಯ ದಿನಚರಿಗೆ ಆ ಭಾಗ್ಯವಿಲ್ಲ: ಮಗಳು ಬಿಯಾಟ್ರಿಸ್ ಬೇಡವೆನಿಸಿದ್ದನ್ನು ಬಿಟ್ಟು ನಕಲು ಮಾಡಿ, ಮೂಲದ ಬಹುಭಾಗವನ್ನು ಸುಟ್ಟಳು.

ಹ್ಯಾನಾಳ ಸಾಲುಗಳನ್ನು ಪರೀಕ್ಷಿಸಲು ದಿನಕ್ಕೊಂದು ಅಡ್ಡಸಾಲು, ಕೆಲಸಕ್ಕೊಂದು ಕಂಬಸಾಲು ಹಾಕಿ ಎಣಿಸಬೇಕು. ಖಾಲಿ ಬಿಟ್ಟ ದಿನವನ್ನು ರಜೆಯೆಂದು ಗುರುತಿಸಬಾರದು. ದಣಿದವಳು ಬರೆಯದೆ ಮಲಗಿರಬಹುದು. 1861ರಲ್ಲಿ ಇಸಬೆಲ್ಲಾ ಬೀಟನ್ ಪ್ರಕಟಿಸಿದ ಗೃಹನಿರ್ವಹಣೆಯ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಳ್ಳಬಹುದು, ಆದರೆ ಅದು ಕೆಲಸ ಹೀಗಾಗಬೇಕು ಎನ್ನುತ್ತದೆಯೇ ಹೊರತು ಹೀಗಾಯಿತು ಎನ್ನುವುದಿಲ್ಲ. ಮನೆಯಲ್ಲಿ ಎಷ್ಟು ಜನ, ಎಷ್ಟು ಆಳು ಎಂಬುದಕ್ಕೆ ಅದೇ ವರ್ಷದ ಜನಗಣತಿ ಇದೆ. ಅದು ಒಂದೇ ರಾತ್ರಿಯ ಲೆಕ್ಕ. ಅಂದು ಉಳಿದ ನೆಂಟರೂ ಅದರಲ್ಲಿ ಸೇರಿರುತ್ತಾರೆ.