ಹತ್ತು ಸಲ ಓದಿದರೂ ಪರೀಕ್ಷೆಯಲ್ಲಿ ಏಕೆ ನೆನಪಾಗುವುದಿಲ್ಲ?

ಪ್ರಶ್ನೆ: ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಪ್ರತಿ ಅಧ್ಯಾಯವನ್ನು ಹತ್ತು ಸಲ ಓದಿದರೂ ಪರೀಕ್ಷೆಯಲ್ಲಿ ನೆನಪಾಗುವುದಿಲ್ಲ. ನನ್ನ ನೆನಪಿನ ಶಕ್ತಿ ಕಡಿಮೆಯೇ?

ಉತ್ತರ: ನಿಮ್ಮ ಧಾರವಾಡದ ಸಪ್ತಾಪುರದ ಕಡೆಯಿಂದ ಈ ಪ್ರಶ್ನೆ ಎಷ್ಟೋ ಸಲ ಬಂದಿದೆ, ಇದೇ ಉತ್ತರವನ್ನು ಎಷ್ಟೋ ಸಲ ಕೊಟ್ಟಿದ್ದೇನೆ. ನಿಮ್ಮ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಓದುವ ಕ್ರಮ ಬದಲಾಗಬೇಕು.

ಗಮನಕ್ಕೆ ಬಂದ ವಿಷಯ ಮೊದಲು ತಾತ್ಕಾಲಿಕ ನೆನಪಿನಲ್ಲಿರುತ್ತದೆ. ಅಲ್ಲಿ ಏಳರ ಆಸುಪಾಸಿನಷ್ಟು ಅಂಶಗಳು ಹಿಡಿಯುತ್ತವೆ ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನಂತರದ ಸಂಶೋಧಕರು ಅದನ್ನು ನಾಲ್ಕಕ್ಕೆ ಇಳಿಸಿದರು. ಮೊದಲೇ ತಿಳಿದಿರುವುದಕ್ಕೆ ಜೋಡಿಸಿಕೊಂಡದ್ದು ದೀರ್ಘಕಾಲದ ನೆನಪಿಗೆ ಸುಲಭವಾಗಿ ಸೇರುತ್ತದೆ, ನಿದ್ರೆಯಲ್ಲಿ ಗಟ್ಟಿಯಾಗುತ್ತದೆ.

ಇನ್ನು, ಓದಿದಷ್ಟೂ ತಲೆಯಲ್ಲಿ ಕೂರುತ್ತದೆ ಎಂಬ ಹಟಮಾರಿ ನಂಬಿಕೆ. 1824ರ ಕಿತ್ತೂರು ಕದನದ ಪುಟವನ್ನು ಹತ್ತನೆಯ ಸಲ ತೆರೆದಾಗ, ಹಳದಿ ಗೆರೆಯಡಿಯ 'ಥ್ಯಾಕರೆ' ಎಂಬ ಹೆಸರು ಕಂಡೊಡನೆ 'ಇದು ನನಗೆ ಗೊತ್ತು' ಅನ್ನಿಸುತ್ತದೆ. ಅದು ಬರೀ ಗುರುತು. ಪುಸ್ತಕ ಮುಚ್ಚಿ, ಆ ಕದನದಲ್ಲಿ ಸತ್ತ ಧಾರವಾಡದ ಕಲೆಕ್ಟರ್ ಯಾರು ಎಂದು ಕೇಳಿಕೊಂಡಾಗ ಹೆಸರು ತಾನಾಗಿ ಬಂದರೆ ಮಾತ್ರ ಅದು ಸ್ಮರಣೆ. ಮುಖ್ಯ ಪರೀಕ್ಷೆ ಕೇಳುವುದು ಈ ಎರಡನೆಯದನ್ನು, ನೀವು ಅಭ್ಯಾಸ ಮಾಡಿದ್ದು ಮೊದಲನೆಯದನ್ನು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು, ಇನ್ನೊಂದನ್ನು ಒಮ್ಮೆ ಓದಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಎರಡು ಸಲ ಓದಿದ್ದೇ ಮೇಲಾಗಿತ್ತು: ಅದರಲ್ಲಿ ನೆನಪಾದದ್ದು ಶೇ. 81, ಬರೆದದ್ದರಲ್ಲಿ ಶೇ. 75. ವಾರ ಕಳೆದ ಮೇಲೆ ಓದಿದ್ದು ಶೇ. 42ಕ್ಕೆ ಕುಸಿದಿತ್ತು, ಬರೆದದ್ದು ಶೇ. 56ರಲ್ಲಿ ಉಳಿದಿತ್ತು. ಆ ಐದು ನಿಮಿಷದ ಗೆಲುವನ್ನು ನಂಬಿಯೇ ನಮ್ಮ ಹುಡುಗರು ವರ್ಷಗಟ್ಟಲೆ ಮೋಸಹೋಗುತ್ತಿದ್ದಾರೆ ಎಂಬುದು ನನ್ನ ಸಂಕಟ.

ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಸಂಗೀತ ಕಲಿತು ದೊಡ್ಡ ಗಾಯಕರಾಗಿದ್ದಾರೆ. ಅಲ್ಲಿ ನಡೆಯುವುದೂ ಸ್ಮರಣೆಯ ಅಭ್ಯಾಸವೇ: ಗುರುಮುಖದಿಂದ ಕೇಳಿದ ಬಂದಿಶನ್ನು, ಅಂದರೆ ರಾಗದಲ್ಲಿ ಕಟ್ಟಿದ ಹಾಡನ್ನು, ಶಿಷ್ಯ ತಿರುಗಿ ಹಾಡಿ ತೋರಿಸುವಾಗ ಪ್ರತಿ ಸಲವೂ ಅದು ನೆನಪಿನಿಂದಲೇ ಹೊರಬರಬೇಕು.

ಸಂಗೀತದ ಮಾತು ಬಂದದ್ದರಿಂದ, ನೀವು ಕೇಳದ ಒಂದು ವಿಷಯವನ್ನೂ ಹೇಳುತ್ತೇನೆ. ತಬಲಾದ ಮೇಲೆ ಪಳಗಿದ ಕೈಯ ನೆನಪು ಬೇರೆಯೇ ಬಗೆಯದು. ಮೂರ್ಛೆರೋಗಕ್ಕಾಗಿ 1953ರಲ್ಲಿ ಶಸ್ತ್ರಚಿಕಿತ್ಸೆಯಾಗಿ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗವನ್ನು ಬಹುಮಟ್ಟಿಗೆ ಕಳೆದುಕೊಂಡ ಹೆನ್ರಿ ಮೊಲೈಸನ್‌ಗೆ ಹೊಸ ಘಟನೆಗಳು ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಆದರೂ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಕೆಲಸವನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಮೂರು ದಿನ ಮಾಡಿಸಿದಾಗ, ಹಿಂದೆ ಮಾಡಿದ ನೆನಪೇ ಇಲ್ಲದೆ ಅವನ ಕೈ ಸುಧಾರಿಸುತ್ತ ಹೋಯಿತು. ಹಾಗೆಂದು ನೋಟ್ಸನ್ನು ನೋಡಿ ನೋಡಿ ನಕಲು ಮಾಡಿದರೆ ಇಸವಿಗಳು ಕೈಗೆ ಬರುವುದಿಲ್ಲ, ಅವು ಮೊಲೈಸನ್ ಕಳೆದುಕೊಂಡ ಬಗೆಯ ನೆನಪಿಗೆ ಸೇರಿದವು. ಅವನ್ನು ಪುಟ ಮುಚ್ಚಿ ಬರೆದು, ಆಮೇಲೆ ತೆರೆದು ತಿದ್ದಿಕೊಂಡು, ಎರಡು ದಿನ ಬಿಟ್ಟು ಮತ್ತೆ ಬರೆಯಬೇಕು.