ಮನೋವಿಜ್ಞಾನ: ಮನಸ್ಸು ಅಳತೆಗೆ ಸಿಕ್ಕಿದ ಬಗೆ

ವರ್ತನೆಯನ್ನೂ ಅದರ ಹಿಂದಿನ ಮಾನಸಿಕ ಕ್ರಿಯೆಗಳನ್ನೂ ವೀಕ್ಷಣೆ, ಪ್ರಯೋಗ, ಅಳತೆಗಳ ಮೂಲಕ ಅಧ್ಯಯನ ಮಾಡುವ ಶಾಸ್ತ್ರವೇ ಮನೋವಿಜ್ಞಾನ. ಮಾನಸಿಕ ಕಾಯಿಲೆಗಳ ಚಿಕಿತ್ಸೆಯೇ ಮನೋವಿಜ್ಞಾನ ಎಂದು ತಿಳಿದವರು ಬಹಳ. ಅದು ಒಂದು ಶಾಖೆ ಮಾತ್ರ. ಗ್ರಹಿಕೆ, ಕಲಿಕೆ, ನೆನಪು, ಭಾವನೆ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಕಣ್ಣಿಗೆ ಕಾಣುವ ವರ್ತನೆಯಷ್ಟೇ ವಿಜ್ಞಾನದ ವಸ್ತು ಎಂದು 1913ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಪಟ್ಟು ಹಿಡಿದರು. ಹೊರಹಾಕಿದ ಮನಸ್ಸು ಮರಳಿ ಒಳಗೆ ಬರಲು ಕೆಲವು ದಶಕಗಳೇ ಬೇಕಾದವು.

ಮನಸ್ಸಿನ ಚಿಂತನೆ ಅರಿಸ್ಟಾಟಲ್‌ನಷ್ಟು ಹಳೆಯದು. ಆದರೆ ಅದು ವಿಜ್ಞಾನವಾಗಬಲ್ಲದೇ? ಅಂತರಂಗದ ವಿದ್ಯಮಾನಗಳಿಗೆ ಗಣಿತ ಅನ್ವಯಿಸದು, ಆದ್ದರಿಂದ ಆಗಲಾರದು ಎಂದು 1786ರಲ್ಲಿ ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ವಾದಿಸಿದರು. ಹಗುರವಾಗಿ ತಳ್ಳಿಹಾಕುವ ಆಕ್ಷೇಪವಲ್ಲ ಇದು. ಇದಕ್ಕೆ ಉತ್ತರ ಬಂದದ್ದು ತತ್ತ್ವಜ್ಞಾನಿಗಳಿಂದಲ್ಲ, ಶರೀರಶಾಸ್ತ್ರಜ್ಞರಿಂದ. 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂಕೇತ ಹರಿಯುವ ವೇಗವನ್ನು ಅಳೆದರು. ಅದು ಸೆಕೆಂಡಿಗೆ 30 ಮೀಟರಿನ ಆಸುಪಾಸಿನಲ್ಲಿತ್ತು. ನರಕ್ಕೆ ಸಮಯ ಬೇಕೆಂದಾದರೆ ಯೋಚನೆಗೂ ಬೇಕಲ್ಲವೇ?

ಈ ಪ್ರಶ್ನೆಯನ್ನು ನೆದರ್‌ಲೆಂಡ್ಸ್‌ನ ಡಾಂಡರ್ಸ್ ಕೈಗೆತ್ತಿಕೊಂಡ ರೀತಿ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಪಾದಕ್ಕೆ ಸಣ್ಣ ವಿದ್ಯುತ್ ಆಘಾತ ಕೊಟ್ಟ ಕೂಡಲೇ ಅದೇ ಬದಿಯ ಕೈಯಿಂದ ಸೂಚನೆ ಕೊಡಬೇಕು. ಯಾವ ಪಾದಕ್ಕೆ ಆಘಾತವೆಂದು ಮೊದಲೇ ಗೊತ್ತಿದ್ದರೆ ಕೈ ಬೇಗ ಅಲುಗುತ್ತದೆ, ಗೊತ್ತಿಲ್ಲದಿದ್ದರೆ ತಡ. ಎರಡೂ ಸಲ ನರ, ಸ್ನಾಯುಗಳ ಕೆಲಸ ಒಂದೇ. ಹಾಗಾದರೆ ಹೆಚ್ಚಾದ ಸಮಯ ಎಡವೋ ಬಲವೋ ಎಂದು ತೀರ್ಮಾನಿಸಲು ಹಿಡಿದದ್ದು. ಅದು ಸೆಕೆಂಡಿನ ಸುಮಾರು ಹದಿನೈದನೇ ಒಂದು ಭಾಗ! 1868ರಲ್ಲಿ ಪ್ರಕಟವಾದ ಈ ಸರಳ ವ್ಯವಕಲನದಲ್ಲಿ ಮನಸ್ಸಿನ ಒಂದು ನಿರ್ಧಾರಕ್ಕೆ ಅಂಕಿ ಸಿಕ್ಕಿತು.

1879ರಲ್ಲಿ ವಿಲ್ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯ ತೆರೆದರು. ಮನೋವಿಜ್ಞಾನದ ಹುಟ್ಟನ್ನು ಸಾಮಾನ್ಯವಾಗಿ ಇಲ್ಲಿಂದ ಎಣಿಸುತ್ತಾರೆ. ಆ ಗೌರವ ನ್ಯಾಯವಾದದ್ದೇ: ಬಿಡಿಬಿಡಿ ಪ್ರಯೋಗಗಳಿಗೆ ಒಂದು ನೆಲೆ, ನಿಯತಕಾಲಿಕೆ, ದೇಶವಿದೇಶಗಳ ವಿದ್ಯಾರ್ಥಿಗಳು ಒದಗಿದ್ದು ಅವರಿಂದ. ಆದರೂ ಉನ್ನತ ಮಾನಸಿಕ ಕ್ರಿಯೆಗಳು ಪ್ರಯೋಗಕ್ಕೆ ಸಿಗಲಾರವು ಎಂದೇ ವುಂಟ್ ನಂಬಿದ್ದರು.

ಆರೇ ವರ್ಷಗಳಲ್ಲಿ, 1885ರಲ್ಲಿ, ಹರ್ಮನ್ ಎಬಿಂಗ್‌ಹೌಸ್ ನೆನಪನ್ನೇ ಅಳೆದು ತೋರಿಸಿದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಬಿಡುವು ಕೊಟ್ಟು, ಮತ್ತೆ ಕಲಿಯುವಾಗ ಮೊದಲ ಸಲಕ್ಕಿಂತ ಎಷ್ಟು ಶ್ರಮ ಉಳಿತಾಯವಾಯಿತೆಂದು ಲೆಕ್ಕವಿಟ್ಟರು. ಇಪ್ಪತ್ತು ನಿಮಿಷಗಳ ನಂತರ ಉಳಿತಾಯ ಶೇ. 58, ಒಂದು ದಿನದ ನಂತರ ಶೇ. 34, ತಿಂಗಳು ಕಳೆದರೂ ಶೇ. 21.